ಹಿತ್ತಲ ಕೊಟ್ಟಿಗೆಯಲ್ಲಿ ಮರಗೆಲಸ

ನಿಮ್ಮಲ್ಲಿ ಬಹಳಷ್ಟು ಜನರ ಮನೆಯಲ್ಲಿ ಒಂದು ಸುತ್ತಿಗೆ, ಒಂದು ಇಕ್ಕಳ, ತುಕ್ಕು ಹಿಡಿದ ಒಂದು ಗರಗಸ ಇದ್ದೇ ಇರುತ್ತವೆ. ಕಾಲು ಅಲುಗಾಡುವ ಒಂದು ಕುರ್ಚಿಯೂ ಇರುತ್ತದೆ. ಇವೆರಡನ್ನೂ ಒಂದೆಡೆ ಸೇರಿಸಿ ಕೂರಲು ಒಂದು ಜಾಗವಿದ್ದಿದ್ದರೆ ಎಂದು ನೀವೂ ಒಮ್ಮೆಯಾದರೂ ಅಂದುಕೊಂಡಿರಬಹುದು. ನಾನು ಹಾಗೆ ಅಂದುಕೊಳ್ಳುತ್ತಲೇ 31 ವರ್ಷ ಕಳೆದೆ. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು 2017ರಲ್ಲಿ ನಿವೃತ್ತನಾದ ಮೇಲೆ, ಸಾಗರದ ನಮ್ಮ ಮನೆಯ ಹಿತ್ತಲಿನಲ್ಲಿ ಆ ಜಾಗ ಸಿಕ್ಕಿತು. ಅದು ಹೇಗೆ ಮರಗೆಲಸದ ಕೊಠಡಿಯಾಯಿತು, ಯಾರು ಯಾರು ಕೈ ಹಚ್ಚಿದರು, ನಾನು ಎಲ್ಲೆಲ್ಲಿ ಎಡವಿದೆ ಎಂಬುದನ್ನು ನಿಮ್ಮ ಮುಂದೆ ಇಡುತ್ತೇನೆ. ನೀವು ಇಂಥ ಕೆಲಸಕ್ಕೆ ಕೈ ಹಾಕುವವರಾದರೆ ನನ್ನ ತಪ್ಪುಗಳಾದರೂ ಪ್ರಯೋಜನಕ್ಕೆ ಬಂದಾವು.

ಆ ಜಾಗ ಒಂದು ಕೊಟ್ಟಿಗೆ. ಉದ್ದ 20 ಅಡಿ, ಅಗಲ 12 ಅಡಿ, ಜಂಬಿಟ್ಟಿಗೆಯ ಗೋಡೆ, ಮೇಲೆ ಮಂಗಳೂರು ಹೆಂಚು. ಮೇವು ತಂದು ಹಾಕುವುದು ನಮ್ಮಿಬ್ಬರ ಕೈಲಿ ಸಾಗದೆ 2016ರಲ್ಲಿ ಕೊನೆಯ ಎರಡು ಹಸುಗಳನ್ನು ಕೊಟ್ಟಿದ್ದೆವು. ನನ್ನ ಪತ್ನಿ ಆಮೇಲೂ ಎಷ್ಟೋ ದಿನ ಬೆಳಿಗ್ಗೆ ಐದಕ್ಕೆ ಎದ್ದು ಅತ್ತ ಹೋಗಿ ಬಾಗಿಲು ತೆರೆದು ನೋಡಿ ಬರುತ್ತಿದ್ದರು. ಹಾಗಾಗಿ ಕೊಟ್ಟಿಗೆಯನ್ನು ಕೇಳುವುದು ಸುಲಭವಿರಲಿಲ್ಲ. ಕೇಳಿದಾಗ ಅವರು ಬೇಡವೆನ್ನಲಿಲ್ಲ. "ಗೋದಲಿ ಮಾತ್ರ ಕೀಳಬೇಡಿ" ಅಂದರು. ಆ ಗೋದಲಿ ಇಂದಿಗೂ ಅಲ್ಲೇ ಇದೆ. ಮರದ ಹಲಗೆಗಳನ್ನು ಅಡ್ಡಡ್ಡ ಪೇರಿಸಿಡಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಸಿಗುತ್ತಿರಲಿಲ್ಲ.

ಜಾಗ ಸಿಕ್ಕ ಕೂಡಲೇ ನಾನು ಮಾಡಹೊರಟ ಮೊದಲ ಕೆಲಸವೇ ತಪ್ಪು. ಅಂಗಡಿಗೆ ಹೋಗಿ ಯಂತ್ರ ಕೊಳ್ಳುವುದು! ಕಬ್ಬಿಣ ಕೊಯ್ಯುವ, ಕಲ್ಲು ಉಜ್ಜುವ ಕೈಗ್ರೈಂಡರ್ ಇರುತ್ತದಲ್ಲ, ಅದಕ್ಕೆ ಹಲ್ಲಿನ ಬ್ಲೇಡ್ ಸಿಕ್ಕಿಸಿ ಮರ ಕೊಯ್ಯುವುದನ್ನು ಎಲ್ಲೆಡೆ ನೋಡುತ್ತೇವೆ. ಅಗ್ಗ, ಚಿಕ್ಕದು, ಬಲು ಚುರುಕು. ಅದನ್ನೇ ಕೊಳ್ಳೋಣವೆಂದು ಸಾಮಿಲ್ಲಿನಲ್ಲಿ ಬಹುಕಾಲ ದುಡಿದ ನನ್ನ ಸ್ನೇಹಿತರೊಬ್ಬರನ್ನು ಜೊತೆಗೆ ಕರೆದೆ. ಅವರು ಮಾತಾಡಲಿಲ್ಲ. ತಮ್ಮ ಎಡಗೈಯನ್ನು ಮೇಜಿನ ಮೇಲೆ ಇಟ್ಟರು. ಕಿರುಬೆರಳು, ಉಂಗುರದ ಬೆರಳು ಎರಡೂ ಅರ್ಧಕ್ಕೆ ನಿಂತಿವೆ. ಆ ಕೈಯನ್ನು ನಾನು 20 ವರ್ಷದಿಂದ ನೋಡಿದ್ದೇನೆ, ಹೇಗಾಯಿತೆಂದು ಕೇಳಿರಲಿಲ್ಲ. ಕೈಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಹಲ್ಲು ಗಂಟಿಗೋ ಮೊಳೆಗೋ ಸಿಕ್ಕಿದರೆ ಯಂತ್ರ ಕೈಯಿಂದ ಹಿಂದಕ್ಕೆ ಎಗರುತ್ತದೆ. ಮರ ಕೊಯ್ಯುವ ಬ್ಲೇಡಿಗೆ ತಕ್ಕ ಮುಚ್ಚಳ ಅದಕ್ಕಿರುವುದಿಲ್ಲ. "ಒಂದು ವರ್ಷ ಕೈಯ ಹತಾರದಲ್ಲಿ ಮಾಡಿ. ಆಮೇಲೆ ಯಂತ್ರದ ಮಾತು" ಎಂದರು ಅವರು. ನಾನು ಬರಿಗೈಯಲ್ಲಿ ಮನೆಗೆ ಬಂದೆ. ಬರಿಗೈ ಅಂದೆ, ಹತ್ತು ಬೆರಳೂ ಇದ್ದವು ಎಂಬುದನ್ನು ಸೇರಿಸಿಕೊಳ್ಳಿ.

2018ರ ಜನವರಿಯಲ್ಲಿ ಕೆಲಸ ಶುರುವಾಯಿತು. ನೆಲವೇ ಮೊದಲ ತೊಡಕು. ಗಂಜಲ ಹರಿದುಹೋಗಲೆಂದು ಕೊಟ್ಟಿಗೆಯ ನೆಲ ಇಳಿಜಾರಾಗಿರುತ್ತದೆ, ನಡುವೆ ಕಾಲುವೆ ಇರುತ್ತದೆ. ಹಸುವಿಗೆ ಅನುಕೂಲವಾದದ್ದು ಮೇಜಿಗೆ ಅನುಕೂಲವಲ್ಲ. ಅದಕ್ಕಿಂತ ಮುಖ್ಯವಾದದ್ದು, ವರ್ಷಗಟ್ಟಲೆ ಗಂಜಲ ಹೀರಿದ ಮಣ್ಣಿನಲ್ಲಿ ಉಪ್ಪಿನಂಶ ಸೇರಿರುತ್ತದೆ. ಮಳೆಗಾಲದಲ್ಲಿ ಅದು ತೇವವನ್ನು ಎಳೆದು ಹಿಡಿಯುತ್ತದೆ. ಅಂಥ ನೆಲದ ಮೇಲೆ ಉಕ್ಕಿನ ಹತಾರ ಇಟ್ಟರೆ ವಾರದಲ್ಲಿ ಕೆಂಪಗಾಗುತ್ತದೆ. ಗಾರೆ ಕೆಲಸದ ಮೇಸ್ತ್ರಿಯೊಬ್ಬರು ನನ್ನ ಹಳೆಯ ವಿದ್ಯಾರ್ಥಿಯ ತಂದೆ. ಅವರು ಹೇಳಿದಂತೆ ಒಂದು ಅಡಿ ಮಣ್ಣು ತೆಗೆದು, ಕಲ್ಲು ತುಂಬಿ ದಿಮ್ಮಿಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ನಾಲ್ಕು ಅಂಗುಲ ಕಾಂಕ್ರೀಟ್ ಹಾಕಿದೆವು. ತೆಗೆದ ಮಣ್ಣು ತೆಂಗಿನ ಬುಡಕ್ಕೆ ಹೋಯಿತು. ಮಣ್ಣು ಹೊತ್ತವರು ನಾವು ಐದು ಜನ, ಎಲ್ಲರೂ ಅರವತ್ತರ ಆಸುಪಾಸು. ಎರಡು ದಿನದ ಕೆಲಸ ಎಂದು ಎಣಿಸಿದ್ದು ಒಂಬತ್ತು ದಿನ ಹಿಡಿಯಿತು. ಅದರಲ್ಲಿ ಕಾಫಿಯ ಪಾಲು ಎಷ್ಟೆಂದು ನಾನು ಲೆಕ್ಕ ಹಾಕಿಲ್ಲ.

ಹೆಂಚಿನ ಮಾಡನ್ನು ಮುಟ್ಟಲಿಲ್ಲ. ಒಡೆದ ಹೆಂಚು ಬದಲಿಸಿ, ನಾಲ್ಕು ಕಡೆ ಗಾಜಿನ ಹೆಂಚು ಇಟ್ಟೆವು. ಉತ್ತರದ ಗೋಡೆಯಲ್ಲಿ ಒಂದು ಕಿಟಕಿ ಇಡಿಸಿದೆ. ವರ್ಷದ ಹೆಚ್ಚು ಕಾಲ ಆ ಕಡೆಯಿಂದ ನೇರ ಬಿಸಿಲು ಬೀಳುವುದಿಲ್ಲ, ಬೆಳಕು ಮಾತ್ರ ಬರುತ್ತದೆ. ಗೆರೆ ಹಾಕುವಾಗ ನೆರಳು ಕಾಡುವುದಿಲ್ಲ.

ಇನ್ನು ವಿದ್ಯುತ್ತಿನ ವಿಚಾರ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನನ್ನ ಬಾಲ್ಯದ ಗೆಳೆಯನೊಬ್ಬ ಲೈನ್‌ಮನ್ ಆಗಿ ನಿವೃತ್ತನಾದವನು. ಅಡಿಗೆಮನೆಯ ಪ್ಲಗ್ಗಿನಿಂದ ಒಂದು ವೈರು ಎಳೆದರೆ ಸಾಕೆಂದು ನಾನು. ಮೀಟರಿನಿಂದಲೇ ಪ್ರತ್ಯೇಕ ಲೈನು ಬೇಕೆಂದು ಅವನು. 1,500 ವ್ಯಾಟಿನ ಒಂದು ಯಂತ್ರ 230 ವೋಲ್ಟಿನಲ್ಲಿ ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ, ಚಾಲೂ ಆಗುವ ಕ್ಷಣದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಸಣ್ಣ ವೈರು ಬಿಸಿಯಾಗುತ್ತದೆ, ಸುತ್ತ ಮರದ ಹೊಟ್ಟು ಬಿದ್ದಿರುತ್ತದೆ. ಆದ್ದರಿಂದ ನಾಲ್ಕು ಚದರ ಮಿಲಿಮೀಟರಿನ ತಾಮ್ರದ ವೈರು, 20 ಆಂಪಿಯರಿನ ಎಂ.ಸಿ.ಬಿ. ಇಷ್ಟಕ್ಕೆ ನಾನು ಒಪ್ಪಿದೆ. ಅವನು ಅಲ್ಲಿಗೆ ನಿಲ್ಲಲಿಲ್ಲ. ಆರ್.ಸಿ.ಸಿ.ಬಿ. ಎಂಬ ಇನ್ನೊಂದು ಬೇಕು ಎಂದ. ಹಿತ್ತಲಿನಲ್ಲಿ ಎಂಟು ಅಡಿ ಗುಂಡಿ ತೋಡಿ, ಕೊಳವೆ ಇಳಿಸಿ, ಇದ್ದಲು ಉಪ್ಪು ತುಂಬಿ ಹೊಸ ಅರ್ತಿಂಗ್ ಮಾಡಬೇಕು ಎಂದ. ದುಡ್ಡಿನ ಮುಖ ನೋಡಿ ನಾನು ಸಿಡುಕಿದೆ. "ಹಾಗಾದ್ರೆ ನನ್ನನ್ನ ಕರೀಬೇಡ ಮಾರಾಯ" ಎಂದು ಅವನು ಸೈಕಲ್ ಹತ್ತಿ ಹೋದವನು ಹತ್ತು ದಿನ ಬರಲಿಲ್ಲ. ಕೊನೆಗೆ ನಾನೇ ಹೋಗಿ ಕರೆದುತಂದೆ. ಕೆಲಸ ಅವನು ನಿಂತು ಮಾಡಿಸಿದ. ಪರವಾನಗಿ ಇರುವ ಗುತ್ತಿಗೆದಾರರಿಂದ ಪರೀಕ್ಷೆ ಮಾಡಿಸಿ ಸಹಿಯನ್ನೂ ಹಾಕಿಸಿದ.

ಎಂ.ಸಿ.ಬಿ. ಕಾಯುವುದು ವೈರನ್ನು. ಆರ್.ಸಿ.ಸಿ.ಬಿ. ಮಾಡುವುದು ಬೇರೆಯದೇ ಕೆಲಸ. ಒಂದು ತಂತಿಯಲ್ಲಿ ಹೋದ ಕರೆಂಟು ಇನ್ನೊಂದರಲ್ಲಿ ಅಷ್ಟೇ ಹಿಂದಿರುಗುತ್ತಿದೆಯೇ ಎಂದು ಅದು ತೂಗಿ ನೋಡುತ್ತಿರುತ್ತದೆ. ಮನೆಗಳಿಗೆ ಹಾಕುವ ಬಗೆಯಲ್ಲಿ 30 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಬಂದರೂ, ಅಂದರೆ ಅಷ್ಟು ಕರೆಂಟು ಬೇರೆಲ್ಲೋ, ಬಹುಶಃ ಒಬ್ಬ ಮನುಷ್ಯನ ಮೂಲಕ, ನೆಲಕ್ಕೆ ಸೋರುತ್ತಿದ್ದರೂ, ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ.

2019ರ ಜೂನ್ ಕೊನೆಯ ವಾರ. ನಮ್ಮ ಕಡೆಯ ಮಳೆ ಹೇಗೆ ಹೊಡೆಯುತ್ತದೆಂದು ಬಲ್ಲವರು ಬಲ್ಲರು. ಡ್ರಿಲ್ ಯಂತ್ರದ ವೈರನ್ನು ರಾತ್ರಿ ಇಲಿ ಕಡಿದಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬಾಗಿಲ ಬಳಿ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಅದನ್ನು ಎತ್ತಿಕೊಂಡೆ. ಅಂಗೈಗೆ ಚುರ್ ಅಂದಿತು, ಮರುಕ್ಷಣ ಕೊಠಡಿ ಕತ್ತಲಾಯಿತು. ಅಷ್ಟೇ. ಲೈಟು ಹೋಯಿತೆಂದು ಅಡಿಗೆಮನೆಯಿಂದ ನನ್ನ ಪತ್ನಿ ಕೂಗಿ ಕೇಳಿದರು. ಉತ್ತರ ಕೊಡಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಸಂಜೆ ಗೆಳೆಯನಿಗೆ ಹೇಳಿದೆ. ಅವನು ಹೊಗಳಿಸಿಕೊಳ್ಳಲಿಲ್ಲ. "ಬರಿಗಾಲಲ್ಲಿ ಯಾಕೆ ನಿಂತೆ?" ಎಂದು ಬೈದ. ಆರ್.ಸಿ.ಸಿ.ಬಿ. ಮೇಲೆ ಒಂದು ಪರೀಕ್ಷೆಯ ಗುಂಡಿ ಇರುತ್ತದೆ. ಅದನ್ನು ಆಗಾಗ ಒತ್ತಿ ಕಡಿಯುತ್ತದೆಯೇ ಎಂದು ನೋಡಿ. ನಿಮ್ಮ ಮನೆಯಲ್ಲಿ ಅದು ಇಲ್ಲವಾದರೆ, ಮರಗೆಲಸದ ಮಾತು ಹಾಗಿರಲಿ, ಮೊದಲು ಅದನ್ನು ಹಾಕಿಸಿ.

ಅವನದೇ ಇನ್ನೊಂದು ಮಾತು. ಹಳೆಯ ಚೋಕ್ ಇರುವ ಟ್ಯೂಬ್ ಲೈಟು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಆ ಬೆಳಕಿನಲ್ಲಿ ತಿರುಗುವ ಚಕ್ರ ಕೆಲವೊಮ್ಮೆ ನಿಂತಂತೆ ಕಾಣುತ್ತದೆ. ಕಂಡಿತೆಂದು ಕೈ ಹಾಕಿದರೆ ಮುಗಿಯಿತು. ಆದ್ದರಿಂದ ಯಂತ್ರವಿರುವ ಜಾಗದಲ್ಲಿ ಅಂಥ ಟ್ಯೂಬ್ ಲೈಟು ಬೇಡ.

ಹತಾರಗಳು ಬಂದದ್ದು ನಮ್ಮ ಬೀದಿಯ ಕೊನೆಯಲ್ಲಿರುವ ಆಚಾರಿಯವರಿಂದ. ನಮ್ಮ ಮನೆಯ ಬಾಗಿಲು, ಕಿಟಕಿ, ತೊಟ್ಟಿಲು ಎಲ್ಲ ಅವರ ಕೈಯವೇ. ಈಗ ಅವರಿಗೆ ಎಂಬತ್ತರ ಹತ್ತಿರ, ಕೈ ನಡುಗುತ್ತದೆ. ಮಗ ಬೆಂಗಳೂರಿನಲ್ಲಿ ವಾಹನ ಓಡಿಸುತ್ತಾನೆ. ಒಂದು ದಿನ ಅವರು ಕೈಗಾಡಿಯಲ್ಲಿ ತಮ್ಮ ಮರದ ಪೆಟ್ಟಿಗೆಯನ್ನು ತಳ್ಳಿಸಿಕೊಂಡು ಬಂದರು. "ಮೇಷ್ಟ್ರೇ, ಮನೇಲಿದ್ರೆ ತುಕ್ಕು ಹಿಡೀತಾವೆ. ನೀವು ಕೆಡಿಸಿದ್ರೂ ಚಿಂತೆ ಇಲ್ಲ, ಬಳಸಿ ಕೆಡಿಸಿ" ಎಂದರು. ಬಾಚಿ, ಎರಡು ಕೀಸುಳಿ (ತೋಪಡ ಅನ್ನುತ್ತಾರಲ್ಲ, ಅದೇ), ಬೈರಿಗೆ, ಕೊಡತಿ, ಎರಡು ನೂಲಿನಿಂದ ಹಿಡಿದು ಒಂದೂವರೆ ಅಂಗುಲದವರೆಗೆ ಏಳು ಉಳಿ. ಅಂಗುಲಕ್ಕೆ ಎಂಟು ನೂಲು ಎಂಬುದು ಗಣಿತದ ಮೇಷ್ಟ್ರಾದ ನನಗೆ ಆ ದಿನ ತಿಳಿದ ಸಂಗತಿ.

ಮೊದಲ ಒಂದು ತಿಂಗಳು ಅವರು ನನಗೆ ಮರ ಮುಟ್ಟಲು ಬಿಡಲಿಲ್ಲ, ಸಾಣೆ ಹಿಡಿಸಿದರು. ಉಳಿಯ ಬೆನ್ನು ಮೊದಲು ಕನ್ನಡಿಯಂತೆ ಸಮವಾಗಬೇಕು, ಆಮೇಲೆ ಮುಂದಿನ ಓರೆ. ಆ ಓರೆಯ ಉದ್ದ ಉಳಿಯ ದಪ್ಪದ ಎರಡರಷ್ಟಿರಬೇಕು ಎಂಬುದು ಅವರ ಲೆಕ್ಕ. ನಾನು ಕಾಗದದಲ್ಲಿ ಹಾಕಿ ನೋಡಿದೆ: ಸರಿಯಾಗಿ 30 ಡಿಗ್ರಿ! ಮೂವತ್ತರ ಸೈನ್ ಅರ್ಧ ಎಂದು ಎಷ್ಟು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೆನೋ, ಅದು ಉಳಿಯ ಬಾಯಲ್ಲಿ ಕೂತಿರುವುದನ್ನು ಕಂಡಿರಲಿಲ್ಲ. ಹರಿತವಾಗಿದೆಯೇ ಎಂದು ತಿಳಿಯಲು ಬಾಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲನೆ ಓರೆಯಾಗಿಡಿ. ಜಾರಿದರೆ ಇನ್ನೂ ಮೊಂಡು, ಕಚ್ಚಿ ನಿಂತರೆ ಸರಿ. ಕರೆಂಟಿನ ಸಾಣೆಚಕ್ರಕ್ಕೆ ಹಿಡಿಯುವವರು ಮೇಲಿಂದ ಮೇಲೆ ನೀರಿನಲ್ಲಿ ಅದ್ದಬೇಕು. ಉಕ್ಕು ನೀಲಿ ತಿರುಗಿತೆಂದರೆ ಅದರ ಹದ ಹೋಯಿತು. ಆ ನೀಲಿ ಭಾಗವನ್ನಷ್ಟೂ ಸವೆಸಿ ತೆಗೆಯದೆ ಬೇರೆ ದಾರಿಯಿಲ್ಲ. ಮೊಂಡು ಉಳಿಯೇ ಹೆಚ್ಚು ಅಪಾಯಕಾರಿ ಎಂಬುದು ನಂಬಲು ಕಷ್ಟವಾದರೂ ನಿಜ. ಅದಕ್ಕೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದ್ದು ಜಾರುತ್ತದೆ. ಉಳಿಯ ಮುಂದೆ ಎಂದೂ ಇನ್ನೊಂದು ಕೈ ಇರಬಾರದು.

ಆಚಾರಿಯವರು ನೆಲದ ಮೇಲೆ ಕೂತು, ಮರವನ್ನು ಕಾಲಿನಿಂದ ಒತ್ತಿ ಹಿಡಿದು ಕೆಲಸ ಮಾಡಿದವರು. ನನ್ನ ಮಂಡಿ ಅದಕ್ಕೆ ಒಪ್ಪದು. ನನಗೆ ಮೇಜು ಬೇಕಿತ್ತು. ನಿಂತು ಕೆಲಸ ಮಾಡುವ ಬಡಗಿ ಏನು ಬಡಗಿ ಎಂದು ಅವರು ನಕ್ಕರೂ, ಎತ್ತರ ಅಳೆದವರು ಅವರೇ. ನೇರ ನಿಂತು ತೋಳು ಇಳಿಬಿಟ್ಟು ಅಂಗೈ ಚಪ್ಪಟೆ ಮಾಡಿದರೆ ಎಲ್ಲಿಗೆ ಮುಟ್ಟುತ್ತದೋ ಅಷ್ಟು. ನನಗೆ 31 ಅಂಗುಲ ಬಂತು. ಊಟದ ಮೇಜಿನ ಅಳತೆ ನೋಡಿ ಮಾಡಬೇಡಿ, ಅಂಗಡಿಯವರು ಹೇಳಿದ್ದನ್ನೂ ಕೇಳಬೇಡಿ. ನಿಮ್ಮ ತೋಳನ್ನು ಕೇಳಿ.

ಮೇಜಿನ ಮರ ಕಳಚಿದ ಹಳೆಯ ಮನೆಯೊಂದರ ಮತ್ತಿಯ ತೊಲೆ. ಭಾರವಾದಷ್ಟೂ ಒಳ್ಳೆಯದು, ಕೀಸುವಾಗ ಅಲುಗಬಾರದು. ಹಳೆಯ ಮರ ಚೆನ್ನಾಗಿ ಒಣಗಿರುತ್ತದೆ, ಬೆಲೆಯೂ ಕಡಿಮೆ. ಆದರೆ ಅದರೊಳಗೆ ಮುರಿದ ಮೊಳೆಗಳು ಅಡಗಿರುತ್ತವೆ. ಕೆಟ್ಟ ರೇಡಿಯೋದ ಸ್ಪೀಕರಿನಿಂದ ತೆಗೆದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ಆಡಿಸಿ, ಎಳೆದ ಕಡೆ ಸೀಮೆಸುಣ್ಣದ ಗುರುತು ಹಾಕಿದೆವು. ಒಂದು ತೊಲೆಯಲ್ಲಿ 23 ಮೊಳೆ ಸಿಕ್ಕವು. ಇಪ್ಪತ್ತನಾಲ್ಕನೆಯದು ನನ್ನ ಕೀಸುಳಿಗೆ ಸಿಕ್ಕಿತು. ಹೊಸ ಮರ ಕೊಳ್ಳುವವರು ಸಾಮಿಲ್ಲಿನ ರಸೀದಿಯನ್ನು ಜೋಪಾನವಾಗಿಡಿ. ತೇಗ, ಬೀಟೆ ನಿಮ್ಮ ಸ್ವಂತ ಜಮೀನಿನಲ್ಲೇ ಬೆಳೆದಿದ್ದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ, ಸಾಗಿಸಲು ರಹದಾರಿ ಬೇಕು.

ಮೇಜಿನ ಚೌಕಟ್ಟು ಜೋಡಿಸುವ ದಿನ ನಾನು ಮೂಲೆಮಟ್ಟ ಹಿಡಿದು ನಾಲ್ಕೂ ಮೂಲೆ ನೋಡಿ ಸರಿಯಿದೆ ಎಂದೆ. ಆಚಾರಿಯವರು ಒಂದು ದಾರ ತೆಗೆದು ಎದುರುಬದುರು ಮೂಲೆಗಳಿಗೆ ಹಿಡಿದರು. ಒಂದು ಕರ್ಣ ಇನ್ನೊಂದಕ್ಕಿಂತ ಮೂರು ನೂಲು ಉದ್ದ! ದಾರ ಹಿಡಿದು ಲಂಬಕೋನ ಕಾಣುವುದು ಬೌಧಾಯನನ ಶುಲ್ಬಸೂತ್ರದಷ್ಟು ಹಳೆಯ ವಿದ್ಯೆ. ನಾನು ಅದನ್ನು ಕಪ್ಪುಹಲಗೆಯ ಮೇಲೆ ಮಾತ್ರ ಬಲ್ಲವನಾಗಿದ್ದೆ. ತಪ್ಪಿದ್ದದ್ದು ನನ್ನ ಮೂಲೆಮಟ್ಟ. ನಿಮ್ಮದನ್ನು ಹೀಗೆ ಪರೀಕ್ಷಿಸಿ: ನೇರ ಅಂಚಿಗೆ ಒತ್ತಿ ಒಂದು ಗೆರೆ ಎಳೆಯಿರಿ, ಮಗುಚಿ ಅದೇ ಜಾಗದಲ್ಲಿ ಇನ್ನೊಂದು ಎಳೆಯಿರಿ. ಗೆರೆಗಳು ಕೂಡಿದರೆ ಸರಿ. ಬಿಟ್ಟುಕೊಂಡರೆ ಕಾಣುವ ಸಂದು ನಿಜವಾದ ದೋಷದ ಇಮ್ಮಡಿ.

ಒಂದು ವರ್ಷ ಕಳೆದ ಮೇಲೆ, ಸಾಮಿಲ್ಲಿನ ಸ್ನೇಹಿತರ ಒಪ್ಪಿಗೆ ಪಡೆದು, ಮುಚ್ಚಳವೂ ಬ್ಲೇಡಿನ ಹಿಂದೆ ಮರ ಕಚ್ಚಿಕೊಳ್ಳದಂತೆ ತಡೆಯುವ ಪಟ್ಟಿಯೂ ಇರುವ ಒಂದು ಸಣ್ಣ ಮೇಜುಗರಗಸ ಕೊಂಡೆ. ಅಂದಿನಿಂದ ಆ ಕೊಠಡಿಗೆ ಪಂಚೆ ಉಟ್ಟು, ಶಲ್ಯ ಹೊದ್ದು ಹೋಗುವಂತಿಲ್ಲ. ಕೈಚೀಲವೂ ಕೂಡದು, ತಿರುಗುವ ಯಂತ್ರಕ್ಕೆ ಬಟ್ಟೆಯ ಒಂದು ಎಳೆ ಸಿಕ್ಕರೂ ಕೈಯನ್ನೇ ಎಳೆದುಕೊಳ್ಳುತ್ತದೆ. ಶಬ್ದದ ಲೆಕ್ಕವೂ ಇದೆ. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ಕಿವಿ ತಾಳಬಹುದು ಎನ್ನುತ್ತಾರೆ. ಮೂರು ಡೆಸಿಬೆಲ್ ಏರಿದ ಹಾಗೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ. ನೂರು ಡೆಸಿಬೆಲ್ಲಿಗೆ ಹದಿನೈದೇ ನಿಮಿಷ. ಗರಗಸ ನೂರನ್ನು ಸುಲಭವಾಗಿ ಮುಟ್ಟುತ್ತದೆ. ಕಿವಿಮುಚ್ಚಿಕೆ ನನಗಾಯಿತು, ಪಕ್ಕದ ಮನೆಯವರಿಗೆ? ಅಲ್ಲಿನ ಹುಡುಗ ಆಗ ಪಿ.ಯು.ಸಿ. ಓದುತ್ತಿದ್ದ. ನಾನೇ ಹೋಗಿ ಮಾತಾಡಿ, ಸಂಜೆ ಆರರ ಮೇಲೆ ಯಂತ್ರ ಹಾಕುವುದಿಲ್ಲ, ಪರೀಕ್ಷೆಯ ತಿಂಗಳಲ್ಲಿ ಮುಟ್ಟುವುದೇ ಇಲ್ಲ ಎಂದು ಒಪ್ಪಂದ ಮಾಡಿಕೊಂಡೆ. ಪರೀಕ್ಷೆ ಮುಗಿದ ಮರುದಿನ ಅವನೇ ಬಂದು ಹಲಗೆಯ ಇನ್ನೊಂದು ತುದಿ ಹಿಡಿದ.

ಧೂಳನ್ನು ನಾನು ಹಗುರವಾಗಿ ಕಂಡಿದ್ದೆ. ಅಡಿಗೆಮನೆಯ ಹೊಗೆಯಂತೆ ಅದೂ ಒಂದು ಎಂದುಕೊಂಡಿದ್ದೆ. ಬೀಟೆಯ ಪುಡಿಗೆ ಮೈಯೆಲ್ಲ ತುರಿಕೆ ಬಂದಾಗ ವೈದ್ಯರು ಹೇಳಿದರು: ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಪಟ್ಟಿ ಮಾಡಿದೆ. ಅಂದಿನಿಂದ ಎನ್-95 ಮುಖವಾಡ ಗೂಟದಲ್ಲಿ ನೇತಾಡುತ್ತಿದೆ. ಕಸಬರಿಕೆಯಿಂದ ಒಣ ಹೊಟ್ಟು ಗುಡಿಸಿ ಮೇಲೆಬ್ಬಿಸುವುದಿಲ್ಲ.

ಅಗಸೆ ಎಣ್ಣೆ ಬಳಿಯುವವರಿಗೆ ಒಂದು ಎಚ್ಚರಿಕೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಬಿಸಿ ಕೂಡಿಕೊಂಡು, ಯಾರೂ ಕಡ್ಡಿ ಗೀರದೆಯೇ ಬಟ್ಟೆ ಹೊತ್ತಿಕೊಳ್ಳಬಹುದು. ನಾನು ಹೊರಗೆ ತಂತಿಯ ಮೇಲೆ ಒಂದೊಂದಾಗಿ ಬಿಡಿಸಿ ಹರವುತ್ತೇನೆ. ಒಗೆದ ಸೀರೆಗಳ ಪಕ್ಕ ಅದನ್ನು ಹರವಬಾರದೆಂಬುದು ಮನೆಯ ಉಪನಿಯಮ.

ಸ್ನೇಹಿತರ ಸಹಾಯದ ಬಗ್ಗೆ ಒಂದು ಮಾತು. ಮಣ್ಣು ಹೊತ್ತ, ವೈರು ಎಳೆದ ಗೆಳೆಯರಿಗೆ ಹಣ ಕೊಡಲು ಹೋಗಿದ್ದರೆ ಬೈಸಿಕೊಳ್ಳುತ್ತಿದ್ದೆ. ಊಟ ಹಾಕಿದೆವು, ಅವರ ಮನೆಯ ಅಲುಗಾಡುವ ಕುರ್ಚಿಗಳೆಲ್ಲ ನಮ್ಮಲ್ಲಿಗೆ ಬಂದವು, ಇನ್ನೂ ಬರುತ್ತಿವೆ. ಆದರೆ ಗಾರೆ ಮೇಸ್ತ್ರಿಗೆ ದಿನಗೂಲಿ ಲೆಕ್ಕ ಹಾಕಿ ಕೊಟ್ಟೆ. ಸ್ನೇಹದ ಹೆಸರಿನಲ್ಲಿ ಕಸುಬುದಾರರ ಕೂಲಿ ಉಳಿಸುವುದು ನನಗೆ ಸರಿ ಕಾಣುವುದಿಲ್ಲ. ಆಚಾರಿಯವರ ವಿಷಯದಲ್ಲಿ ಮಾತ್ರ ಸೋತೆ. ಕಲಿಸಿದ್ದಕ್ಕೆ ದುಡ್ಡು ಕೊಡಹೋದರೆ, "ನನ್ನ ಮಗನಿಗೆ ಲೆಕ್ಕ ಹೇಳಿಕೊಟ್ಟಾಗ ನೀವು ಎಷ್ಟು ಇಸ್ಕೊಂಡ್ರಿ?" ಎಂದರು. ಆಯುಧಪೂಜೆಯ ದಿನ ಪೆಟ್ಟಿಗೆ ಅವರ ಮನೆಗೆ ಹೋಗುತ್ತದೆ, ಪೂಜೆಯಾಗಿ ಮರುದಿನ ಹಿಂದಿರುಗುತ್ತದೆ. ಕಳೆದ ಎರಡು ವರ್ಷದಿಂದ ಅದನ್ನು ತಳ್ಳಿಕೊಂಡು ಬರುವವಳು ಅವರ ಮೊಮ್ಮಗಳು. ಎಂಟನೆಯ ತರಗತಿಯ ಹುಡುಗಿ, ಭಾನುವಾರಗಳಲ್ಲಿ ಬರುತ್ತಾಳೆ. ಹೆಣ್ಣುಮಕ್ಕಳು ಉಳಿ ಹಿಡಿಯುವುದುಂಟೇ ಎಂದು ಅಜ್ಜ ಮೊದಲು ಗೊಣಗಿದರು. "ಆಚಾರ್ರೇ, ನಿಮ್ಮ ಮಗ ಹಿಡಿದನೇ?" ಎಂದು ನನ್ನ ಪತ್ನಿ ಅಡಿಗೆಮನೆಯ ಬಾಗಿಲಿನಿಂದಲೇ ಕೇಳಿದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಡುಗಿಯ ಕೈಗೆ ಸಾಣೆಕಲ್ಲು ಕೊಟ್ಟರು. ಅವಳಿಗೂ ಒಂದು ತಿಂಗಳು ಸಾಣೆಯೇ. ನನಗಿಂತ ಬೇಗ ಕಲಿತಳು ಎಂಬುದನ್ನು ಒಪ್ಪಿಕೊಳ್ಳಬೇಕು.

ನಾನು ಮಾಡಿದ ಮೊದಲ ದೊಡ್ಡ ಕೆಲಸ ಮೇಜಿನ ಕೆಳಗಿನ ಒಂದು ಡ್ರಾಯರ್. ಬೇಸಿಗೆಯಲ್ಲಿ ಮಾಡಿದೆ, ಒಂದು ಬೆರಳಿನಲ್ಲಿ ತಳ್ಳಿದರೆ ಸರ್ರನೆ ಹೋಗುತ್ತಿತ್ತು. ಬಂದವರಿಗೆಲ್ಲ ತಳ್ಳಿ ತೋರಿಸಿದೆ. ಮರ ತೇವ ಹೀರಿದಾಗ ಎಳೆಯ ಉದ್ದಕ್ಕೆ ಹಿಗ್ಗುವುದಿಲ್ಲವೆಂದೇ ಹೇಳಬೇಕು, ಅಡ್ಡಕ್ಕೆ ಹಿಗ್ಗುತ್ತದೆ. ಅದಕ್ಕಾಗಿ ಒಂದು ನೂಲಾದರೂ ಬಿಡಬೇಕು ಎಂದು ಆಚಾರಿಯವರು ಹೇಳಿದ್ದನ್ನು ನಾನು ಬಿಗಿಯ ಆಸೆಗೆ ಮರೆತಿದ್ದೆ. ಜುಲೈ ಬಂದ ಕೂಡಲೇ ಅದು ಕಚ್ಚಿಕೊಂಡಿತು. ಪ್ರತಿ ಮಳೆಗಾಲವೂ ಕಚ್ಚಿಕೊಳ್ಳುತ್ತದೆ, ಈ ಸಲವೂ ಹಾಗೆಯೇ. ಒಳಗೆ ನನ್ನ ಅಳತೆಪಟ್ಟಿಯೂ, ಒಂದು ಜೊತೆ ಕನ್ನಡಕವೂ ಸಿಕ್ಕಿಹಾಕಿಕೊಂಡಿವೆ. ಕೀಸುಳಿ ಹಿಡಿದು ಹೊರಟರೆ ಆಚಾರಿಯವರು ತಡೆಯುತ್ತಾರೆ. ಈಗ ಕೀಸಿದರೆ ಬೇಸಿಗೆಯಲ್ಲಿ ಗಡಗಡ ಅಲ್ಲಾಡುತ್ತದಂತೆ. "ದೀಪಾವಳಿ ಕಳೀಲಿ ಮೇಷ್ಟ್ರೇ, ತಾನಾಗೇ ಬಿಡುತ್ತೆ. ಆಗ ಅರ್ಧ ನೂಲು ತೆಗೆಯೋಣ" ಎಂದಿದ್ದಾರೆ. ಅಲ್ಲಿಯವರೆಗೆ ಹಳೆಯ ಕನ್ನಡಕದಲ್ಲಿ ಕೆಲಸ ಸಾಗಿದೆ.